ಯಾರ ಕೆಳಗೆ ಯಾರು: ಕಂಪನಿಗೆ ಹೊಂದುವ ರಚನೆ ಆರಿಸುವುದು, ನಡೆಸುವುದು ಹೇಗೆ

ಕಂಪನಿಯ ರಚನೆ ಬದಲಿಸಬೇಕು ಎಂದ ಕೂಡಲೇ ಬಹಳಷ್ಟು ಜನ ಒಂದು ಬಿಳಿ ಹಾಳೆ ತೆಗೆದುಕೊಂಡು ಮೇಲೊಂದು ಚೌಕ, ಕೆಳಗೆ ಐದು ಚೌಕ ಬರೆಯಲು ಕೂರುತ್ತಾರೆ. ಚೌಕಗಳಲ್ಲಿ ಹೆಸರು ತುಂಬುವಷ್ಟರಲ್ಲಿ ಯಾರಿಗೆ ಬೇಸರವಾದೀತು, ಯಾರನ್ನು ಎಲ್ಲಿ ಸರಿಹೊಂದಿಸುವುದು ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಅಲ್ಲಿಗೆ ಕೆಲಸದ ಮಾತು ಮುಗಿದಂತೆಯೇ.

ಚಾರ್ಟ್ ಬರೆಯುವುದು ಕೊನೆಗೆ. ಮೊದಲು ತಿಳಿಯಬೇಕಾದದ್ದು ಇಷ್ಟು: ನಿಮ್ಮಲ್ಲಿ ಯಾರ್‍ಯಾರ ನಡುವೆ ದಿನಾ ತಕರಾರು ಹುಟ್ಟುತ್ತದೆ, ಅದು ಯಾರ ಮೇಜಿಗೆ ಹೋಗಿ ತೀರ್ಮಾನವಾಗುತ್ತದೆ? ಸೇಲ್ಸ್‌ನವರಿಗೂ ಪ್ರೊಡಕ್ಷನ್‌ನವರಿಗೂ ಜಗಳವಾದರೆ ಅದು ಅವರಿಬ್ಬರ ಮೇಲೂ ಅಧಿಕಾರವಿರುವ ಮೊದಲ ವ್ಯಕ್ತಿಯ ಹತ್ತಿರ ಹೋಗಬೇಕು. ಆ ವ್ಯಕ್ತಿ ಒಂದು ಮೆಟ್ಟಿಲು ಮೇಲಿದ್ದರೆ ಸಂಜೆಯೊಳಗೆ ಉತ್ತರ ಸಿಗುತ್ತದೆ, ನಾಲ್ಕು ಮೆಟ್ಟಿಲು ಮೇಲಿದ್ದರೆ ಎರಡು ವಾರ. ರಚನೆ ಆರಿಸುವುದೆಂದರೆ ಯಾವ ಜಗಳ ಕೆಳಗೇ ಬಗೆಹರಿಯಬೇಕು, ಯಾವುದು ಮೇಲೆ ಹೋದರೂ ಪರವಾಗಿಲ್ಲ ಎಂದು ಆರಿಸುವುದು. ಎಲ್ಲ ಜಗಳವನ್ನೂ ಕೆಳಗೇ ಮುಗಿಸುವ ರಚನೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

(ಒಬ್ಬರ ಮಾಲೀಕತ್ವವೋ, ಪಾಲುದಾರಿಕೆಯೋ, ಪ್ರೈವೇಟ್ ಲಿಮಿಟೆಡ್ಡೋ ಎಂಬ ಕಾನೂನಿನ ಪ್ರಶ್ನೆ ಬೇರೆಯದು. ಅದನ್ನು ಇಲ್ಲಿ ತೆಗೆದುಕೊಂಡಿಲ್ಲ.)

ಚಾರ್ಟಿಗೆ ಮೊದಲು ಚೀಟಿ

ಕಳೆದ ಮೂರು ತಿಂಗಳಲ್ಲಿ ತಡವಾದ, ಗೊಂದಲವಾದ, ಗ್ರಾಹಕರು ಸಿಟ್ಟಾದ 20 ಪ್ರಕರಣ ಆರಿಸಿ. ಒಂದೊಂದಕ್ಕೂ ಒಂದು ಚೀಟಿ. ಅದರಲ್ಲಿ ನಾಲ್ಕು ವಿಷಯ ಮಾತ್ರ ಇರಲಿ: ಕೆಲಸ ಯಾರ ಹತ್ತಿರ ಶುರುವಾಯಿತು, ಯಾರ್‍ಯಾರ ಕೈ ದಾಟಿತು, ಪ್ರತಿ ಕೈಯಲ್ಲಿ ಎಷ್ಟು ದಿನ ಕಾಯಿತು, ಕೊನೆಗೆ ಹೂಂ ಅಂದವರು ಯಾರು. ನೆನಪಿನಿಂದ ಬರೆಯಬೇಡಿ, ಇಮೇಲ್ ಮತ್ತು ಆರ್ಡರ್ ಫೈಲ್ ತೆಗೆದು ತಾರೀಖು ನೋಡಿ ಬರೆಯಿರಿ. ನೆನಪು ಯಾವಾಗಲೂ ಇನ್ನೊಂದು ವಿಭಾಗದ ಮೇಲೆಯೇ ತಪ್ಪು ಹೊರಿಸುತ್ತದೆ.

ಉದಾಹರಣೆಗೆ, ಪಂಪ್ ತಯಾರಿಸುವ 80 ಜನರ ಒಂದು ಕಂಪನಿ ಇದೆ ಎಂದುಕೊಳ್ಳಿ. ಡಿಸೈನ್, ಪರ್ಚೇಸ್, ಪ್ರೊಡಕ್ಷನ್, ಸೇಲ್ಸ್, ಅಕೌಂಟ್ಸ್, ಸರ್ವಿಸ್ ಎಂದು ಆರು ವಿಭಾಗ. ಒಬ್ಬ ಗ್ರಾಹಕನಿಗೆ 200 ಪಂಪ್ ಬೇಕು, ಶಾಫ್ಟ್ ಸ್ವಲ್ಪ ಉದ್ದವಿರಬೇಕು, 12% ರಿಯಾಯಿತಿ ಬೇಕು. ಅದರ ಚೀಟಿ ಹೀಗಿರುತ್ತದೆ: ಸೇಲ್ಸ್ ಮ್ಯಾನೇಜರ್ ಹತ್ತಿರ 2 ದಿನ. ರಿಯಾಯಿತಿ 10% ಮೀರಿದ್ದರಿಂದ ಅಕೌಂಟ್ಸ್‌ನಲ್ಲಿ 3 ದಿನ. ಉದ್ದದ ಶಾಫ್ಟ್ ತಡೆಯುತ್ತದೆಯೇ ಎಂದು ನೋಡಲು ಡಿಸೈನ್‌ನಲ್ಲಿ 4 ದಿನ. ಪರ್ಚೇಸ್‌ನಲ್ಲಿ 1, ಪ್ರೊಡಕ್ಷನ್‌ನಲ್ಲಿ 1. ಊರಲ್ಲಿಲ್ಲದ ಎಂಡಿಯ ಒಂದು ಸಹಿಗೆ 3. ಒಟ್ಟು 14 ದಿನ. ಇದರಲ್ಲಿ ಯಾರಾದರೂ ನಿಜವಾಗಿ ಕೂತು ಕೆಲಸ ಮಾಡಿದ್ದನ್ನು ಕೂಡಿಸಿದರೆ ಐದು ಗಂಟೆ. ಮಿಕ್ಕಿದ್ದೆಲ್ಲ ಫೈಲ್ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ಸರದಿ ಕಾಯ್ದ ಸಮಯ.

20 ಚೀಟಿಗಳನ್ನೂ ಗೋಡೆಗೆ ಅಂಟಿಸಿ, ಹೆಚ್ಚು ದಿನ ಎಲ್ಲಿ ಹೋಗಿವೆ ಎಂದು ಗುಂಪು ಮಾಡಿ. ಮೂರು ಬಗೆಯ ಗುಂಪು ಕಾಣಿಸುತ್ತದೆ. ಸಹಿಗಾಗಿ ಮೇಲೆ ಕಾಯ್ದವು ಮೊದಲನೆಯದು. ಗ್ರಾಹಕ ಒಪ್ಪಿದರೂ ಫೈಲ್ ಒಪ್ಪದ ಈ ಸ್ಥಿತಿ ದೇವರು ಕೊಟ್ಟರೂ ಪೂಜಾರಿ ಕೊಡದ ಕಥೆ. ಇದಕ್ಕೆ ರಚನೆ ಬದಲಿಸಬೇಕಿಲ್ಲ, ಸಹಿಯ ಮಿತಿ ಏರಿಸಿದರೆ ಸಾಕು. ಎರಡನೆಯದು ಒಬ್ಬನೇ ಬಲ್ಲವನಿಗಾಗಿ ಕಾಯ್ದವು. ಇದು ಜನರ ಕೊರತೆ. ಇನ್ನೊಬ್ಬನನ್ನು ತಯಾರು ಮಾಡದೆ ಎಷ್ಟು ಚೌಕ ಬರೆದರೂ ಅವನ ಮೇಜಿನ ಮೇಲಿನ ರಾಶಿ ಕರಗುವುದಿಲ್ಲ. ಮೂರನೆಯದು ವಿಭಾಗದಿಂದ ವಿಭಾಗಕ್ಕೆ ಹೋಗಿ ಬಂದು ಅಲೆದವು. ರಚನೆಯ ಸಮಸ್ಯೆ ಇದೊಂದೇ. ಮೊದಲ ಎರಡೇ ಹೆಚ್ಚಿದ್ದರೆ ಮುಂದಿನದನ್ನು ಓದುವ ಮುನ್ನ ಅವನ್ನು ಸರಿಮಾಡಿಕೊಳ್ಳಿ. ಮರುರಚನೆಯ ಖರ್ಚು, ಕಿರಿಕಿರಿ ಎರಡೂ ತಪ್ಪಿಯಾವು.

ಹನ್ನೆರಡು ಜನರವರೆಗೆ

ಅಲ್ಲಿಯವರೆಗೆ ರಚನೆಯ ಹೆಸರಿಟ್ಟುಕೊಂಡು ಒದ್ದಾಡಬೇಕಿಲ್ಲ. ಮಾಲೀಕ ನಡುವೆ, ಸುತ್ತ ಎಲ್ಲರೂ. ಮುಂದೆ ಹೀಗೇ ನಡೆಯದಿರುವುದಕ್ಕೆ ಸರಳ ಗಣಿತವೇ ಕಾರಣ: ಎಲ್ಲರೂ ಎಲ್ಲರೊಂದಿಗೆ ಮಾತಾಡಬೇಕೆಂದರೆ 5 ಜನರಿಗೆ 10 ಜೋಡಿ, 12 ಜನರಿಗೆ 66, 30 ಜನರಿಗೆ 435.

ಮಿತಿ ದಾಟಿದ್ದರ ಗುರುತು ಮಾಲೀಕನ ಫೋನಿನಲ್ಲಿ ಸಿಗುತ್ತದೆ. ಒಂದು ವಾರ ತನಗೆ ಬಂದ ಪ್ರಶ್ನೆಗಳನ್ನೆಲ್ಲ ಬರೆದಿಡಲಿ. ಒಂದೇ ಉತ್ತರವನ್ನು ಮೂರು ಸಲ ಕೊಟ್ಟಿದ್ದರೆ ಆ ತೀರ್ಮಾನ ಕೆಳಗಿಳಿಯಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಹಳಬರಿಬ್ಬರಿಗೆ ಮ್ಯಾನೇಜರ್ ಎಂಬ ಹೆಸರು ಕೊಟ್ಟು, ತೀರ್ಮಾನಗಳನ್ನು ಮಾತ್ರ ಮಾಲೀಕ ತಾನೇ ಇಟ್ಟುಕೊಳ್ಳುವುದು. ಆಗ ಎಲ್ಲ ಪ್ರಶ್ನೆಯೂ ಮ್ಯಾನೇಜರ್ ಮೂಲಕ ಸುತ್ತಿ ಮಾಲೀಕನಿಗೇ ಬರುತ್ತದೆ, ಒಂದು ದಿನ ತಡವಾಗಿ. ಹುದ್ದೆಗಿಂತ ಮೊದಲು ಅಧಿಕಾರ ಕೊಡಿ. ಇಷ್ಟು ಮೊತ್ತದವರೆಗಿನ ಖರೀದಿ, ರಜೆ, ಗ್ರಾಹಕನಿಗೆ ಹಣ ವಾಪಸ್: ಈ ಮೂರರಿಂದ ಶುರುಮಾಡಬಹುದು.

ಕೆಲಸದ ಪ್ರಕಾರ ವಿಭಾಗ

ಒಂದೇ ಬಗೆಯ ಕೆಲಸ ಮಾಡುವವರು ಒಂದೆಡೆ. ಎಂಜಿನಿಯರ್‌ಗಳ ಮೇಲೆ ಎಂಜಿನಿಯರ್, ಅಕೌಂಟೆಂಟ್‌ಗಳ ಮೇಲೆ ಅಕೌಂಟೆಂಟ್. ಇದಕ್ಕೆ ಫಂಕ್ಷನಲ್ ರಚನೆ ಎನ್ನುತ್ತಾರೆ. ಒಂದೇ ಉತ್ಪನ್ನ ಅಥವಾ ಒಂದೇ ಜಾತಿಯ ಉತ್ಪನ್ನಗಳು, ಹೆಚ್ಚುಕಡಿಮೆ ಒಂದೇ ಬಗೆಯ ಗ್ರಾಹಕರು, ಕೆಲಸದ ಆಳವಾದ ಪರಿಣತಿಯೇ ಬಂಡವಾಳ ಎಂಬಂಥ ಕಡೆ ಇದನ್ನೇ ಇಟ್ಟುಕೊಳ್ಳಿ. ಹೊಸಬ ಬೇಗ ಕಲಿಯುತ್ತಾನೆ, ಯಂತ್ರ ಖಾಲಿ ಕೂರುವುದಿಲ್ಲ, ಒಂದೇ ಕೆಲಸಕ್ಕೆ ಎರಡು ಕಡೆ ಸಂಬಳ ಕೊಡುವ ಗೋಜಿಲ್ಲ.

ಇದು ಸಣ್ಣವರ ರಚನೆ, ದೊಡ್ಡದಾದ ಮೇಲೆ ಬಿಡಬೇಕು ಎಂಬ ಮಾತಿದೆ. ಅದನ್ನು ಪೂರ್ತಿ ನಂಬಬೇಡಿ. 1997ರಲ್ಲಿ ಸ್ಟೀವ್ ಜಾಬ್ಸ್ ಆಪಲ್‌ಗೆ ಮರಳಿದಾಗ ಅಲ್ಲಿ ಉತ್ಪನ್ನವಾರು ವಿಭಾಗಗಳಿದ್ದವು, ಒಂದೊಂದಕ್ಕೂ ಲಾಭ-ನಷ್ಟ ಹೊತ್ತ ಒಬ್ಬೊಬ್ಬ ಜನರಲ್ ಮ್ಯಾನೇಜರ್. ಅವರು ಆ ಹುದ್ದೆಗಳನ್ನೆಲ್ಲ ತೆಗೆದು, ಇಡೀ ಕಂಪನಿಗೆ ಒಂದೇ ಲಾಭ-ನಷ್ಟದ ಲೆಕ್ಕ ಇಟ್ಟು, ಹಾರ್ಡ್‌ವೇರ್, ಸಾಫ್ಟ್‌ವೇರ್, ಡಿಸೈನ್ ಎಂದು ಕೆಲಸದ ಪ್ರಕಾರ ಜೋಡಿಸಿದರು. ಕಂಪನಿ ಎಷ್ಟೋ ಪಟ್ಟು ಬೆಳೆದ ಮೇಲೂ ಆ ಬುನಾದಿ ಉಳಿಯಿತು. ಅದರ ಬೆಲೆಯೂ ಇದೆ: ಮೇಲಿರುವ ಕೆಲವೇ ಜನಕ್ಕೆ ಉತ್ಪನ್ನದ ಸಣ್ಣ ಸಣ್ಣ ವಿವರವೂ ಗೊತ್ತಿರಬೇಕು, ಏಕೆಂದರೆ ಎಲ್ಲ ಎಳೆಗಳೂ ಅಲ್ಲಿಯೇ ಸೇರುತ್ತವೆ.

ಕೆಡುವುದು ಎಲ್ಲಿ? ಪ್ರತಿ ವಿಭಾಗವೂ ತನ್ನ ಟಾರ್ಗೆಟ್ ಮುಟ್ಟುತ್ತದೆ, ಕಂಪನಿ ಮಾತ್ರ ನಷ್ಟದಲ್ಲಿರುತ್ತದೆ. ಪರ್ಚೇಸ್‌ನವರು ಎರಕದ ಕೇಸಿಂಗ್ (ಪಂಪಿನ ಹೊರಕವಚ) ಅನ್ನು 4% ಅಗ್ಗಕ್ಕೆ ತಂದು ಶಭಾಷ್ ಅನ್ನಿಸಿಕೊಳ್ಳುತ್ತಾರೆ. ಅದರಲ್ಲಿ ತೂತು, ಬಿರುಕು ಹೆಚ್ಚಿ ಪ್ರೊಡಕ್ಷನ್‌ನಲ್ಲಿ ರಿಜೆಕ್ಷನ್ ಏರುತ್ತದೆ, ಆರು ತಿಂಗಳ ಮೇಲೆ ಸರ್ವಿಸ್‌ನವರಿಗೆ ಫೋನ್ ಮೇಲೆ ಫೋನ್. ಮೂರು ವಿಭಾಗ, ಮೂರು ಲೆಕ್ಕ, ಒಟ್ಟು ನಷ್ಟ ಯಾರ ಪುಸ್ತಕದಲ್ಲೂ ಇಲ್ಲ. ಮದ್ದು ಏನೆಂದರೆ, ಪರ್ಚೇಸ್‌ನ ಅಳತೆಯನ್ನು ಕೊಂಡ ಬೆಲೆಯ ಬದಲು ‘ರಿಜೆಕ್ಟ್ ಆಗದೆ ಬಳಕೆಗೆ ಬಂದ ಒಂದು ಕೇಸಿಂಗ್‌ಗೆ ಬಿದ್ದ ಖರ್ಚು’ ಎಂದು ಬದಲಿಸುವುದು. ಜೊತೆಗೆ ಪ್ರತಿ ದೊಡ್ಡ ಆರ್ಡರಿಗೆ ಮೊದಲಿನಿಂದ ಕೊನೆಯವರೆಗೂ ಜವಾಬ್ದಾರಿ ಹೊರುವ ಒಬ್ಬ ವ್ಯಕ್ತಿ, ವಾರಕ್ಕೊಮ್ಮೆ ಅರ್ಧ ಗಂಟೆ ವಿಭಾಗದ ಮುಖ್ಯಸ್ಥರೆಲ್ಲ ನಿಂತುಕೊಂಡೇ ಮುಗಿಸುವ ಮೀಟಿಂಗ್. ಇಷ್ಟು ಮಾಡಿದರೆ ಫಂಕ್ಷನಲ್ ರಚನೆ ಬಹಳ ದೂರ ಎಳೆಯುತ್ತದೆ.

ಸಾಫ್ಟ್‌ವೇರ್ ಮಾಡುವವರಿಗೆ ಇನ್ನೊಂದು ಎಚ್ಚರ. ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆ ಆ ಸಂಸ್ಥೆಯೊಳಗಿನ ಮಾತುಕತೆಯ ರೂಪವನ್ನೇ ತಳೆಯುತ್ತದೆ ಎಂದು ಕಂಪ್ಯೂಟರ್ ತಜ್ಞ ಮೆಲ್ವಿನ್ ಕಾನ್ವೆ 1968ರಲ್ಲಿ ಬರೆದರು. ನಾಲ್ಕು ತಂಡ ಇಟ್ಟರೆ ಉತ್ಪನ್ನವೂ ನಾಲ್ಕು ತುಂಡಾಗಿ ಬರುತ್ತದೆ, ಗ್ರಾಹಕನಿಗೆ ಹೊಲಿಗೆ ಕಾಣುತ್ತದೆ. ಹಾಗಾಗಿ ಉತ್ಪನ್ನ ಹೇಗಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ತಂಡಗಳನ್ನು ಅದಕ್ಕೆ ತಕ್ಕಂತೆ ಕತ್ತರಿಸಿ.

ಉತ್ಪನ್ನ, ಗ್ರಾಹಕ, ಪ್ರದೇಶ: ಕಂಪನಿಯನ್ನು ಒಡೆಯುವುದು

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಡ್ಯುಪಾಂಟ್ ಕಂಪನಿ ಸಿಡಿಮದ್ದಿನ ಜೊತೆಗೆ ಬಣ್ಣ, ರಾಸಾಯನಿಕಗಳ ವ್ಯಾಪಾರಕ್ಕೂ ಇಳಿದಿತ್ತು. ರಚನೆ ಮಾತ್ರ ಹಳೆಯದೇ: ಎಲ್ಲ ಸರಕಿಗೂ ಒಂದೇ ಸೇಲ್ಸ್ ವಿಭಾಗ, ಒಂದೇ ಪ್ರೊಡಕ್ಷನ್ ವಿಭಾಗ. ಸಿಡಿಮದ್ದು ಟನ್‌ಗಟ್ಟಲೆ ಕೆಲವೇ ದೊಡ್ಡ ಗಿರಾಕಿಗಳಿಗೆ ಹೋಗುವ ಮಾಲು. ಬಣ್ಣ ಸಾವಿರಾರು ಅಂಗಡಿಗಳ ಮೂಲಕ ಸಣ್ಣ ಡಬ್ಬಿಗಳಲ್ಲಿ ಮಾರಬೇಕಾದದ್ದು. ಒಂದೇ ಸೇಲ್ಸ್ ಮುಖ್ಯಸ್ಥ ಇವೆರಡನ್ನೂ ನೋಡುತ್ತಿದ್ದರೆ, ಬಣ್ಣದ ವ್ಯಾಪಾರದಲ್ಲಿ ನಷ್ಟವಾದಾಗ ಕೇಳಬೇಕಾದವರು ಯಾರು ಎಂಬುದೇ ಗೊತ್ತಾಗುತ್ತಿರಲಿಲ್ಲ. 1921ರಲ್ಲಿ ಕಂಪನಿ ಉತ್ಪನ್ನವಾರು ವಿಭಾಗಗಳಾಗಿ ಒಡೆಯಿತು. ಒಂದೊಂದಕ್ಕೂ ತನ್ನದೇ ತಯಾರಿಕೆ, ತನ್ನದೇ ಮಾರಾಟ, ಲಾಭಕ್ಕೆ ಉತ್ತರ ಹೇಳುವ ತನ್ನದೇ ಮುಖ್ಯಸ್ಥ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜನರಲ್ ಮೋಟರ್ಸ್‌ನಲ್ಲಿ ಆಲ್ಫ್ರೆಡ್ ಸ್ಲೋನ್ ಇದರ ಇನ್ನೊಂದು ಅರ್ಧವನ್ನು ಬಿಡಿಸಿದರು: ಶೆವ್ರೊಲೆ, ಬ್ಯೂಕ್, ಕ್ಯಾಡಿಲಾಕ್‌ನಂಥ ವಿಭಾಗಗಳಿಗೆ ಕಾರು ತಯಾರಿಸಿ ಮಾರುವ ಸ್ವಾತಂತ್ರ್ಯ, ಬಂಡವಾಳದ ಹಂಚಿಕೆ ಮತ್ತು ಹಣದ ಹಿಡಿತ ಮಾತ್ರ ಕೇಂದ್ರದ ಕೈಯಲ್ಲಿ. ಇಂದಿಗೂ ಡಿವಿಜನಲ್ ರಚನೆಯ ಸಾರ ಇದೇ.

ಒಡೆಯುವ ಮೊದಲು ನಾಲ್ಕು ಪ್ರಶ್ನೆ ಹಾಕಿಕೊಳ್ಳಿ. ಎರಡೂ ಕಡೆಯ ಗ್ರಾಹಕರು ಬೇರೆ ಬೇರೆಯೇ? ಮಾರುವ ದಾರಿ ಬೇರೆಯೇ? ಒಂದೊಂದು ಭಾಗಕ್ಕೂ ತನ್ನದೇ ಡಿಸೈನ್, ತಯಾರಿಕೆ, ಮಾರಾಟದವರನ್ನು ಸಾಕುವಷ್ಟು ವ್ಯಾಪಾರ ಇದೆಯೇ? ಲಾಭ-ನಷ್ಟದ ಜವಾಬ್ದಾರಿ ಹೊರಬಲ್ಲ ಮುಖ್ಯಸ್ಥರು ನಿಮ್ಮಲ್ಲಿ ಈಗ ಇದ್ದಾರೆಯೇ? ಮೂರಕ್ಕೆ ಹೌದು ಬಂದು ಕೊನೆಯದಕ್ಕೆ ಇಲ್ಲ ಬಂದರೆ ಕಾಯಿರಿ. ಸೇಲ್ಸ್‌ನಲ್ಲಿ ಮಿಂಚಿದವನನ್ನು ರಾತ್ರೋರಾತ್ರಿ ಇಡೀ ವಿಭಾಗದ ಮೇಲೆ ಕೂರಿಸಿದರೆ ಆತ ಸೇಲ್ಸನ್ನೇ ಮಾಡುತ್ತಾನೆ, ಫ್ಯಾಕ್ಟರಿ ಅನಾಥವಾಗುತ್ತದೆ.

ಪ್ರದೇಶವಾರು ಒಡೆಯುವುದು ಯಾವಾಗ? ಭಾಷೆ, ಕಾನೂನು ಬದಲಾಗುವ ಕಡೆ, ಅಥವಾ ಸಿಮೆಂಟ್‌ನಂತೆ ಬೆಲೆಗಿಂತ ಭಾರ ಹೆಚ್ಚಾಗಿ ದೂರ ಸಾಗಿಸಲಾಗದ ಸರಕಿದ್ದ ಕಡೆ. ನಕ್ಷೆಯಲ್ಲಿ ನಾಲ್ಕು ದಿಕ್ಕು ಇವೆ ಎಂಬ ಕಾರಣಕ್ಕೆ ನಾಲ್ಕು ವಲಯ ಮಾಡುವವರೂ ಇದ್ದಾರೆ.

ಒಡೆದ ಮೇಲೆ ಎರಡು ಲೆಕ್ಕಗಳು ತಲೆ ತಿನ್ನುತ್ತವೆ. ಮೊದಲನೆಯದು ಒಂದು ವಿಭಾಗ ಇನ್ನೊಂದಕ್ಕೆ ಮಾಲು ಕೊಟ್ಟರೆ ಅದರ ಬೆಲೆ. ಹೊರಗೆ ಮಾರುಕಟ್ಟೆ ದರವಿದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ವರ್ಷದ ಆರಂಭದಲ್ಲಿ ನಿಗದಿಪಡಿಸಿದ ಅಂದಾಜು ವೆಚ್ಚಕ್ಕೆ ಒಂದಿಷ್ಟು ಲಾಭ ಸೇರಿಸಿ. ‘ನಿಜವಾಗಿ ಆದ ಖರ್ಚು’ ಎಂದು ಮಾತ್ರ ಇಡಬೇಡಿ. ಹಾಗೆ ಇಟ್ಟರೆ ಕೊಡುವ ವಿಭಾಗ ದುಂದು ಮಾಡಿದ್ದನ್ನೂ ಕೊಳ್ಳುವ ವಿಭಾಗದ ತಲೆಗೆ ಕಟ್ಟುತ್ತದೆ, ದುಂದು ನಿಲ್ಲಿಸಲು ಅದಕ್ಕೆ ಕಾರಣವೇ ಇರುವುದಿಲ್ಲ.

ಎರಡನೆಯದು ಹೆಡ್ ಆಫೀಸಿನ ಖರ್ಚು. ಅಳೆಯಬಹುದಾದದ್ದನ್ನು ಬಳಕೆಯ ಪ್ರಕಾರ ಹಂಚಿ: ಎಷ್ಟು ಕಂಪ್ಯೂಟರ್, ಎಷ್ಟು ಚದರಡಿ, ಎಷ್ಟು ಬಿಲ್. ಎಂಡಿಯ ಸಂಬಳ, ಆಡಿಟ್ ಫೀ ಮುಂತಾದವನ್ನು ಕೇಂದ್ರದ ಲೆಕ್ಕದಲ್ಲೇ ಬಿಡಿ. ಅವನ್ನೂ ಮಾರಾಟದ ಪ್ರಮಾಣಕ್ಕೆ ಹಂಚಿ, ಆ ಹಂಚಿಕೆಯ ನಂತರದ ಅಂಕಿಯ ಮೇಲೆ ವಿಭಾಗದ ಮುಖ್ಯಸ್ಥನಿಗೆ ಬೋನಸ್ ತೀರ್ಮಾನಿಸಿದರೆ, ಆತ ವರ್ಷದ ಮೂರು ತಿಂಗಳನ್ನು ಹಂಚಿಕೆಯ ಸೂತ್ರ ಬದಲಿಸುವ ವಾದದಲ್ಲೇ ಕಳೆಯುತ್ತಾನೆ. ಇನ್ನೂ ಕೆಟ್ಟದ್ದೂ ಆಗಬಹುದು. ತನ್ನ ನೇರ ಖರ್ಚು ಕಳೆದು ಲಾಭ ಮಾಡುತ್ತಿರುವ ವಿಭಾಗ ಈ ಹೊರೆಯಿಂದಾಗಿ ನಷ್ಟದಲ್ಲಿರುವಂತೆ ಕಂಡು, ಅದನ್ನು ಮುಚ್ಚಿಬಿಡುತ್ತಾರೆ. ಹೊರೆ ಎಲ್ಲಿಗೂ ಹೋಗುವುದಿಲ್ಲ, ಉಳಿದವರ ಹೆಗಲಿಗೆ ಬರುತ್ತದೆ. ಮುಂದಿನ ವರ್ಷ ಇನ್ನೊಂದು ವಿಭಾಗ ನಷ್ಟದಲ್ಲಿ.

ನಗದು, ದೊಡ್ಡ ಯಂತ್ರಗಳ ಖರೀದಿ, ವಿಭಾಗದ ಮುಖ್ಯಸ್ಥರ ನೇಮಕ, ಲೆಕ್ಕಪತ್ರದ ನಮೂನೆ: ಈ ನಾಲ್ಕನ್ನು ಯಾವತ್ತೂ ವಿಭಾಗಗಳಿಗೆ ಬಿಡಬೇಡಿ.

ಇಬ್ಬರು ಬಾಸ್: ಮ್ಯಾಟ್ರಿಕ್ಸ್

ಒಬ್ಬನೇ ಎಂಜಿನಿಯರ್ ತನ್ನ ವಿಭಾಗದ ಮುಖ್ಯಸ್ಥನಿಗೂ ಪ್ರಾಜೆಕ್ಟ್ ಮುಖ್ಯಸ್ಥನಿಗೂ ರಿಪೋರ್ಟ್ ಮಾಡುವ ರಚನೆ ಇದು. 1960ರ ದಶಕದಲ್ಲಿ ಅಮೆರಿಕದ ವಿಮಾನ ಮತ್ತು ಬಾಹ್ಯಾಕಾಶ ಉದ್ಯಮದಲ್ಲಿ ಬೆಳೆದದ್ದು. ಅಲ್ಲಿ ಇದಕ್ಕೆ ಕಾರಣವಿತ್ತು: ಪರಿಣತರು ಅಪರೂಪ, ಪ್ರತಿ ಪ್ರಾಜೆಕ್ಟಿಗೂ ಒಬ್ಬೊಬ್ಬರನ್ನು ಇಡಲು ಸಾಧ್ಯವಿಲ್ಲ, ಗಡುವಿನ ವಿಷಯದಲ್ಲೂ ತಾಂತ್ರಿಕ ಗುಣಮಟ್ಟದ ವಿಷಯದಲ್ಲೂ ರಾಜಿ ಆಗುವಂತಿಲ್ಲ. ಸ್ವೀಡನ್ನಿನ ಆಸಿಯಾ (ASEA) ಮತ್ತು ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೇರಿ ಕಂಪನಿಗಳು ವಿಲೀನವಾಗಿ 1988ರಲ್ಲಿ ಹುಟ್ಟಿದ, ವಿದ್ಯುತ್ ಉಪಕರಣ ತಯಾರಿಸುವ ಎಬಿಬಿ ಇದನ್ನು ಜಗತ್ತಿನಾದ್ಯಂತ ನಡೆಸಿತು, ಒಂದು ಕಡೆ ದೇಶ, ಇನ್ನೊಂದು ಕಡೆ ಉತ್ಪನ್ನ. ಹತ್ತು ವರ್ಷದ ಮೇಲೆ, 1998ರಲ್ಲಿ, ದೇಶವಾರು ಅಧಿಕಾರವನ್ನು ಕಡಿತ ಮಾಡಿ ಅದನ್ನು ಕಳಚಿತು.

200 ಜನರ ಒಳಗಿನ ಕಂಪನಿಗೆ ಮ್ಯಾಟ್ರಿಕ್ಸ್ ಬೇಡ ಎಂದೇ ನಮ್ಮ ಸಲಹೆ. ಬೇಕೇ ಬೇಕಾದರೆ ನಾಲ್ಕು ಮಾತು ಬರವಣಿಗೆಯಲ್ಲಿರಲಿ. ಏನು ಮಾಡಬೇಕು, ಯಾವಾಗ ಮುಗಿಯಬೇಕು ಎಂಬುದು ಪ್ರಾಜೆಕ್ಟ್ ಮುಖ್ಯಸ್ಥನದು. ಹೇಗೆ ಮಾಡಬೇಕು, ಯಾರು ಮಾಡಬೇಕು ಎಂಬುದು ವಿಭಾಗದ ಮುಖ್ಯಸ್ಥನದು. ಅಪ್ರೈಸಲ್‌ನಲ್ಲಿ ಇಬ್ಬರ ಅಂಕಕ್ಕೂ ಮೊದಲೇ ನಿಗದಿಯಾದ ಪಾಲು, 60-40 ಎಂಬಂತೆ. ಒಬ್ಬರಿಗೇ 100 ಇದ್ದರೆ ಇನ್ನೊಬ್ಬರ ಮಾತಿಗೆ ಬೆಲೆಯಿಲ್ಲ. ಇಬ್ಬರ ನಡುವಿನ ಜಗಳ ಎರಡು ದಿನದಲ್ಲಿ ತೀರದಿದ್ದರೆ ಇಬ್ಬರೂ ಒಟ್ಟಿಗೇ ಮೇಲಿನವರ ಹತ್ತಿರ ಹೋಗಬೇಕು, ಒಬ್ಬೊಬ್ಬರೇ ಹೋಗಿ ಕಿವಿ ಊದುವಂತಿಲ್ಲ. ಇಬ್ಬರು ಬಾಸ್‌ಗಳ ಪಾಡು ಎಲ್ಲರಿಗೂ ಬರಬಾರದು. ತಂಡದ ಲೀಡ್‌ಗಳಿಗಷ್ಟೇ ಸಾಕು, ಅವರ ಕೆಳಗಿನವರಿಗೆ ಒಬ್ಬನೇ ಬಾಸ್ ಇರಲಿ.

ಇದು ಕೆಟ್ಟಿರುವುದು ಹೇಗೆ ಗೊತ್ತಾಗುತ್ತದೆ? ಒಂದು ಸಾಮಾನ್ಯ ಮೀಟಿಂಗಿಗೆ ಎಷ್ಟು ಜನ ಬರುತ್ತಾರೆ ಎಂದು ಎಣಿಸಿ. ಐದು ಜನ ಸಾಕಾಗುವಲ್ಲಿ ಹದಿನಾಲ್ಕು ಜನ ಕೂತಿದ್ದರೆ, ತನ್ನ ಬಾಸ್‌ಗೆ ಗೊತ್ತಿಲ್ಲದಂತೆ ಏನಾದರೂ ತೀರ್ಮಾನವಾದೀತು ಎಂಬ ಭಯಕ್ಕೆ ಬಂದವರೇ ಹೆಚ್ಚು.

ಬಾಸೇ ಬೇಡವೆಂದರೆ

ನೆದರ್ಲೆಂಡ್ಸ್‌ನಲ್ಲಿ 2006ರಲ್ಲಿ ಶುರುವಾದ ಬ್ಯೂರ್ಟ್‌ಜೋರ್ಗ್ ಎಂಬ ಸಂಸ್ಥೆಯ ನರ್ಸ್‌ಗಳು ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುತ್ತಾರೆ. ಹೆಚ್ಚೆಂದರೆ 12 ಜನರ ತಂಡಗಳು, ತಂಡಕ್ಕೆ ಮ್ಯಾನೇಜರ್ ಇಲ್ಲ. ಸಾವಿರಾರು ನರ್ಸ್‌ಗಳಿದ್ದೂ ಇದು ನಡೆಯುತ್ತಿದೆ, ಏಕೆಂದರೆ ಒಂದು ಬಡಾವಣೆಯ ರೋಗಿಗಳ ಕೆಲಸ ಆ ಒಂದು ತಂಡದೊಳಗೇ ಮುಗಿಯುತ್ತದೆ. ಪಕ್ಕದ ತಂಡವನ್ನು ಕಾಯಬೇಕಿಲ್ಲ. ನಿಮ್ಮ ಕೆಲಸ ಹಾಗೆ ತುಂಡಾಗುವಂಥದ್ದಲ್ಲದಿದ್ದರೆ ಅದನ್ನು ನಕಲು ಮಾಡಬೇಡಿ. ಆನ್‌ಲೈನ್‌ನಲ್ಲಿ ಶೂ ಮಾರುವ ಅಮೆರಿಕದ ಜಾಪೋಸ್ ಕೂಡ ಮ್ಯಾನೇಜರ್ ಹುದ್ದೆಗಳನ್ನು ತೆಗೆಯುವ ಹೊಲಾಕ್ರಸಿ ಎಂಬ ಪದ್ಧತಿಗೆ ಇಳಿಯಿತು. ಇದು ಒಗ್ಗದವರು ಹಣ ತೆಗೆದುಕೊಂಡು ಹೊರಡಬಹುದು ಎಂದು 2015ರಲ್ಲಿ ಹೇಳಿದಾಗ ದೊಡ್ಡ ಸಂಖ್ಯೆಯ ನೌಕರರು ಹೊರಟೇಬಿಟ್ಟರು.

ಬಾಸ್‌ನನ್ನು ತೆಗೆದರೆ ಬಾಸ್ ಮಾಡುತ್ತಿದ್ದ ಕೆಲಸ ಮಾಯವಾಗುವುದಿಲ್ಲ. ಯಾರನ್ನು ಸೇರಿಸಿಕೊಳ್ಳಬೇಕು, ಸಂಬಳ ಎಷ್ಟು, ಕೆಲಸ ಮಾಡದವನನ್ನು ಏನು ಮಾಡಬೇಕು ಎಂಬ ಮೂರಕ್ಕೆ ಬರೆದಿಟ್ಟ ಉತ್ತರ ಇಲ್ಲದಿದ್ದರೆ, ಹೆಚ್ಚು ಮಾತಾಡುವವನೇ ಅಘೋಷಿತ ಬಾಸ್ ಆಗುತ್ತಾನೆ. ಹೆಸರಿಲ್ಲದ ಅಧಿಕಾರವನ್ನು ಪ್ರಶ್ನಿಸುವುದು ಇನ್ನೂ ಕಷ್ಟ.

ಒಬ್ಬರ ಕೆಳಗೆ ಎಷ್ಟು ಜನ

ಇಲ್ಲಿ ಲೆಕ್ಕ ಸ್ಪಷ್ಟವಾಗಿದೆ. 64 ಜನ ಕೆಲಸಗಾರರು ಇದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರ ಕೆಳಗೆ 8 ಜನ ಇಟ್ಟರೆ 8 ಮ್ಯಾನೇಜರ್, ಅವರ ಮೇಲೆ ಒಬ್ಬ: ಒಟ್ಟು 9. ಅದೇ 4ರಂತೆ ಇಟ್ಟರೆ 16, ಅವರ ಮೇಲೆ 4, ಅವರ ಮೇಲೆ 1: ಒಟ್ಟು 21. ಹನ್ನೆರಡು ಸಂಬಳ ಹೆಚ್ಚು, ಒಂದು ಮೆಟ್ಟಿಲು ಹೆಚ್ಚು, ಕೆಲಸ ಮಾತ್ರ ಅಷ್ಟೇ.

ಹಾಗಂತ 20ಕ್ಕೆ ಏರಿಸಿದರೂ ಆಗದು. ಜನ ಹೆಚ್ಚಿದಂತೆ ಸಂಬಂಧಗಳು ಗುಣಿಸಿಕೊಂಡು ಹೋಗುತ್ತವೆ. ಮ್ಯಾನೇಜರ್ ನೋಡಿಕೊಳ್ಳಬೇಕಾದ ನೇರ, ಅಡ್ಡ (ಕೆಳಗಿನವರ ತಮ್ಮತಮ್ಮಲ್ಲಿನ), ಗುಂಪಿನ ಸಂಬಂಧಗಳನ್ನು ಗ್ರೈಕುನಾಸ್ ಎಂಬ ಸಲಹೆಗಾರರು 1933ರಲ್ಲಿ ಎಣಿಸಿದರು. 4 ಜನರಿಗೆ 44, 5ಕ್ಕೆ 100, 6ಕ್ಕೆ 222. ಅಷ್ಟೂ ಸಂಬಂಧ ದಿನಾ ನಡೆಯುವುದಿಲ್ಲ ನಿಜ, ಆದರೆ ಏರುವ ವೇಗ ನೋಡಿ. ಬಳಕೆಗೆ ನಮ್ಮ ಅಂದಾಜು ಇದು: ಎಲ್ಲರದೂ ಒಂದೇ ಬಗೆಯ, ಅಳೆಯಬಹುದಾದ ಕೆಲಸವಾದರೆ 15ರವರೆಗೆ. ಒಬ್ಬೊಬ್ಬರದು ಒಂದೊಂದು ಬಗೆಯಾದರೆ 5ರಿಂದ 7. ಮ್ಯಾನೇಜರ್‌ಗೆ ತನ್ನದೇ ಕೆಲಸವೂ ಇದ್ದರೆ 4 ಸಾಕು.

ಚಾರ್ಟಿನಲ್ಲಿ ಒಬ್ಬರ ಕೆಳಗೆ ಒಬ್ಬರೇ ಅಥವಾ ಇಬ್ಬರೇ ಇರುವ ಕಡೆ ಕೆಂಪು ಗುರುತು ಹಾಕಿ. ವಿಚಾರಿಸಿದರೆ, ಸಂಬಳ ಏರಿಸಲು ಬೇರೆ ದಾರಿಯಿಲ್ಲದೆ ಒಳ್ಳೆಯ ತಂತ್ರಜ್ಞನನ್ನು ಮ್ಯಾನೇಜರ್ ಮಾಡಿರುವುದು ಗೊತ್ತಾಗುತ್ತದೆ. ಜನರನ್ನು ನೋಡಿಕೊಳ್ಳದೆಯೂ ಸಂಬಳ, ಗೌರವ ಏರುವ ಇನ್ನೊಂದು ಏಣಿ ಇಡಿ, ಈ ಮೆಟ್ಟಿಲುಗಳು ತಾವಾಗಿ ಕಳಚುತ್ತವೆ.

ತೀರ್ಮಾನಗಳ ಪಟ್ಟಿ

ಯಾವ ರಚನೆ ಆರಿಸಿದರೂ ಅದು ಜೀವ ಪಡೆಯುವುದು ಇಲ್ಲಿ. ಪದೇ ಪದೇ ಬರುವ 25 ತೀರ್ಮಾನಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಕಾಲಂ: ತೀರ್ಮಾನಿಸುವವರು, ಮೊದಲು ಕೇಳಬೇಕಾದವರು, ಆಮೇಲೆ ತಿಳಿಸಬೇಕಾದವರು. ಮೊದಲ ಕಾಲಂನಲ್ಲಿ ಒಂದೇ ಹುದ್ದೆ ಇರಬೇಕು. ಎರಡು ಬರೆಯಬೇಕು ಅನ್ನಿಸಿದ ಕಡೆಯೇ ನಿಮ್ಮ ನಿಜವಾದ ಜಗಳ ಇರುವುದು, ಅಲ್ಲಿ ಕೂತು ಮುಗಿಸಿಯೇ ಎದ್ದೇಳಿ. ಎರಡನೇ ಕಾಲಂನಲ್ಲಿ ಮೂರಕ್ಕಿಂತ ಹೆಚ್ಚು ಹೆಸರು ಬೇಡ. ಕೇಳುವುದೆಂದರೆ ಒಪ್ಪಿಗೆ ಪಡೆಯುವುದಲ್ಲ ಎಂಬುದನ್ನು ಪಟ್ಟಿಯ ಮೇಲೆಯೇ ಬರೆದುಬಿಡಿ, ಇಲ್ಲದಿದ್ದರೆ ಆರು ತಿಂಗಳಲ್ಲಿ ಕೇಳಿಸಿಕೊಳ್ಳಬೇಕಾದವರೆಲ್ಲ ತಡೆಯೊಡ್ಡುವವರಾಗುತ್ತಾರೆ.

ಒಂದು ಸಾಲು ಹೀಗಿರಬಹುದು. ‘10ರಿಂದ 15% ರಿಯಾಯಿತಿ: ತೀರ್ಮಾನ ಸೇಲ್ಸ್ ಮುಖ್ಯಸ್ಥರದು, ಮೊದಲು ಪ್ರೊಡಕ್ಷನ್ ಪ್ಲಾನಿಂಗ್ ಅನ್ನು ಕೇಳಬೇಕು, ಅದೇ ದಿನ ಅಕೌಂಟ್ಸ್‌ಗೆ ತಿಳಿಸಬೇಕು.’ ಇನ್ನೊಂದು: ‘ಗುಣಮಟ್ಟ ಸರಿಯಿಲ್ಲದ ಮಾಲು ತಡೆಹಿಡಿಯುವುದು: ತೀರ್ಮಾನ ಕ್ವಾಲಿಟಿಯವರದು, ಯಾರನ್ನೂ ಕೇಳಬೇಕಿಲ್ಲ, ಸೇಲ್ಸ್‌ಗೆ ಒಂದು ಗಂಟೆಯೊಳಗೆ ತಿಳಿಸಬೇಕು.’ ಈ ಕ್ವಾಲಿಟಿಯವರು ಪ್ರೊಡಕ್ಷನ್ ಮುಖ್ಯಸ್ಥನ ಕೆಳಗೆ ಇರಬಾರದು ಎಂಬುದು ಪಟ್ಟಿ ಬರೆಯುವಾಗಲೇ ಹೊಳೆಯುತ್ತದೆ.

ಈಗ ಚಾರ್ಟ್ ಬರೆಯಿರಿ. ಮೊದಲು ಹುದ್ದೆ, ಹೆಸರು ಆಮೇಲೆ. ಒಂದು ವಿಷಯ ಗೊತ್ತೇ, 1855ರಲ್ಲಿ ಡೇನಿಯಲ್ ಮೆಕಾಲಮ್ ಅಮೆರಿಕದ ಎರಿ ರೈಲ್ವೆಗೆ ಬರೆಸಿದ ಚಾರ್ಟ್, ಈ ಬಗೆಯವುಗಳಲ್ಲೇ ಬಲು ಹಳೆಯದು, ಮರದಂತಿತ್ತು: ನಿರ್ದೇಶಕರು ಕೆಳಗೆ ಬೇರಿನಲ್ಲಿ, ರೈಲು ಓಡಿಸುವವರು ಮೇಲೆ ಕೊಂಬೆಗಳಲ್ಲಿ. ಬಾಸ್‌ಗಳು ತುದಿಗೆ ಏರಿದ್ದು ಆಮೇಲೆ.

ಜಾರಿಗೆ ತರುವ ದಿನ

ಹುದ್ದೆ ಕಳೆದುಕೊಳ್ಳುವವರಿಗೆ, ಬಾಸ್ ಬದಲಾಗುವವರಿಗೆ ಮೊದಲು ಎದುರುಬದುರು ಕೂತು ಹೇಳಿ. ಉಳಿದವರಿಗೆಲ್ಲ ಅದೇ ದಿನ, ಒಟ್ಟಿಗೆ. ನಡುವೆ ಒಂದು ರಾತ್ರಿ ಸಿಕ್ಕರೂ ಸಾಕು, ಬೆಳಗ್ಗೆ ಬರುವಷ್ಟರಲ್ಲಿ ನಿಮ್ಮ ಚಾರ್ಟಿಗೆ ಮೂರು ಆವೃತ್ತಿ ಹರಡಿರುತ್ತವೆ.

ಆ ದಿನದೊಳಗೆ ಬದಲಾಗಲೇಬೇಕಾದ ವಸ್ತುಗಳಿವೆ: ಸಾಫ್ಟ್‌ವೇರಿನಲ್ಲಿ ಅಪ್ರೂವಲ್ ಹೋಗುವ ದಾರಿ, ಬಜೆಟ್ ಕೋಡ್, ಇಮೇಲ್ ಗ್ರೂಪ್, ರಜೆ ಮಂಜೂರು ಮಾಡುವವರ ಹೆಸರು, ಇನ್ಸೆಂಟಿವ್ ಲೆಕ್ಕ, ಕೂರುವ ಜಾಗ. ಇವುಗಳಲ್ಲಿ ತಪ್ಪುವುದು ಹೆಚ್ಚಾಗಿ ಇನ್ಸೆಂಟಿವ್. ಚಾರ್ಟಿನಲ್ಲಿ ಹೊಸ ತಂಡ ಸೇರಿದವನಿಗೆ ಬೋನಸ್ ಹಳೆಯ ವಿಭಾಗದ ಟಾರ್ಗೆಟ್ ಮೇಲೆಯೇ ಬರುತ್ತಿದ್ದರೆ, ಆತ ಕೂರುವುದು ಇಲ್ಲಿ, ದುಡಿಯುವುದು ಅಲ್ಲಿಗೆ. ತಪ್ಪು ಆತನದಲ್ಲ.

ಮೊದಲ ಕೆಲವು ವಾರ ಕೆಲಸ ಹಿಂದಿಗಿಂತ ನಿಧಾನವಾಗುತ್ತದೆ. ಯಾರನ್ನು ಕೇಳಬೇಕು ಎಂಬ ಹಳೆಯ ರೂಢಿ ಕಳಚಿ ಹೊಸದು ಕೂರಬೇಕಲ್ಲ. ಮೂರು ತಿಂಗಳ ಮೇಲೆ ಮತ್ತೆ 20 ಚೀಟಿ ತೆಗೆದು ದಿನಗಳನ್ನು ಹೋಲಿಸಿ. ವ್ಯಾಪಾರವೇ ಬದಲಾಗದ ಹೊರತು ಒಂದೂವರೆ ವರ್ಷ ದೊಡ್ಡ ರಚನೆಯನ್ನು ಮುಟ್ಟಬೇಡಿ. ಸಹಿಯ ಮಿತಿ, ಪಟ್ಟಿಯ ಒಂದೆರಡು ಸಾಲು ಬೇಕಾದರೆ ತಿದ್ದಿ.

ಪಂಪ್ ಕಂಪನಿಗೆ ಮರಳಿದರೆ

ಅವರ 20 ಚೀಟಿಗಳಲ್ಲಿ 13 ಗ್ರಾಹಕ ಹೇಳಿದಂತೆ ಬದಲಿಸಿ ಕೊಡಬೇಕಾದ ಆರ್ಡರ್‌ಗಳದು, ಎಲ್ಲವೂ ಸೇಲ್ಸ್, ಡಿಸೈನ್, ಪ್ರೊಡಕ್ಷನ್ ನಡುವೆ ಅಲೆದವು ಎನ್ನೋಣ. ಮಾಮೂಲಿ ಪಂಪ್‌ಗಳ ಕೆಲಸ ಸಲೀಸಾಗಿ ಸಾಗುತ್ತಿದೆ. ಹಾಗಿದ್ದಾಗ 80 ಜನರನ್ನೂ ಅಲ್ಲಾಡಿಸುವುದು ಬೇಡ. ಸೇಲ್ಸ್‌ನಿಂದ ಇಬ್ಬರು, ಡಿಸೈನ್‌ನಿಂದ ಇಬ್ಬರು, ಪ್ರೊಡಕ್ಷನ್ ಪ್ಲಾನಿಂಗ್, ಪರ್ಚೇಸ್, ಸರ್ವಿಸ್‌ನಿಂದ ಒಬ್ಬೊಬ್ಬರು, ಒಟ್ಟು ಏಳು ಜನರ ಒಂದು ತಂಡ ಒಂದೇ ಕೋಣೆಯಲ್ಲಿ ಕೂರಲಿ, ಒಬ್ಬನೇ ಮುಖ್ಯಸ್ಥನ ಕೆಳಗೆ. ಈ ಆರ್ಡರ್‌ಗಳ ಮಟ್ಟಿಗೆ 15% ವರೆಗಿನ ರಿಯಾಯಿತಿ ಆತನ ಸಹಿಯಲ್ಲೇ ಮುಗಿಯಲಿ. ಫ್ಯಾಕ್ಟರಿಯಲ್ಲಿ ವಾರಕ್ಕೆ ಒಂದು ದಿನದ ಯಂತ್ರದ ಸಮಯ ಈ ತಂಡಕ್ಕೆ ಮೀಸಲು. ಅದನ್ನು ಪ್ರೊಡಕ್ಷನ್ ಮುಖ್ಯಸ್ಥ ವಾಪಸ್ ಕೇಳುವಂತಿಲ್ಲ, ತಂಡ ಹೆಚ್ಚು ಕೇಳುವಂತಿಲ್ಲ. ಉಳಿದ 73 ಜನ ಇದ್ದಂತೆಯೇ ಇರಲಿ.

ಉದ್ದದ ಶಾಫ್ಟಿನ ಆ ಆರ್ಡರ್ ಈಗ ಬಂದರೆ ಸೇಲ್ಸ್‌ನವನು ಕುರ್ಚಿ ತಿರುಗಿಸಿ ಡಿಸೈನ್‌ನವನನ್ನು ಕೇಳುತ್ತಾನೆ, ಅಕೌಂಟ್ಸ್‌ಗೆ ತಿಳಿಸಿದರೆ ಸಾಕು, ಎಂಡಿ ಊರಲ್ಲಿರಬೇಕಿಲ್ಲ. 14 ದಿನದ ಚೀಟಿ ಎರಡು ಮೂರು ದಿನಕ್ಕೆ ಇಳಿಯಬಹುದು. ಎರಕದವರು ಕೇಸಿಂಗ್ ಕೊಡಲು ತೆಗೆದುಕೊಳ್ಳುವ 21 ದಿನ ಮಾತ್ರ ಹಾಗೇ ಇರುತ್ತದೆ. ಅದಕ್ಕೆ ಪರ್ಚೇಸ್‌ನವರು ಬೇರೆ ಎರಕದವರನ್ನು ಹುಡುಕಬೇಕು.